ಮನೆಯ ಕಾವಲಿಗೆ ಬಂದೂಕು ಬೇಕೇ?

ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ರೇಷ್ಮೆ, ಜರಿ. ಚಳ್ಳಕೆರೆಯಲ್ಲಿ ಶೇಂಗಾ ಸುಗ್ಗಿಯ ಹಣ. ಗಂಡಸರು ಪರವೂರಿಗೆ ಹೋದ ರಾತ್ರಿ ‘ಒಂದು ಬಂದೂಕಿದ್ದಿದ್ದರೆ’ ಎನಿಸುವುದು ಸಹಜ.

ಕೊಡವರಿಗಿರುವ ವಿನಾಯಿತಿ ನಮಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಚಿತ್ರದುರ್ಗದ ಜಿಲ್ಲಾಧಿಕಾರಿಗಳ ಪರವಾನಗಿ ಬೇಕು, ಪೊಲೀಸ್ ವರದಿ ಬೇಕು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಅದಿರಲಿ, ಬೀಗ ಹಾಕಿಟ್ಟರೆ ಕತ್ತಲಲ್ಲಿ ಕೀಲಿ ಹುಡುಕುವಷ್ಟರಲ್ಲಿ ಕಳ್ಳ ಒಳಗಿರುತ್ತಾನೆ. ಗುಂಡು ತುಂಬಿ ದಿಂಬಿನಡಿ ಇಟ್ಟರೆ ಮೊದಲು ಕೈಗೆ ಸಿಗುವುದು ಮಗುವಿಗೆ! ತಡವಾಗಿ ಬಂದ ಮಗನೇ ಕಳ್ಳನಂತೆ ಕಂಡರೆ?

ಸಹೋದರನತ್ತ ಆಯುಧ ತೋರಿಸಬಾರದೆಂದ ಪ್ರವಾದಿವರ್ಯರು(ಸ) ರಾತ್ರಿ ಬಾಗಿಲು ಮುಚ್ಚಿಕೊಳ್ಳಲು ಹೇಳಿದ್ದಾರೆ. ಗಟ್ಟಿ ಚಿಲಕ, ಹಿತ್ತಲಿಗೊಂದು ದೀಪ, ಕೂಗಿದರೆ ಓಡಿಬರುವ ನೆರೆಯವರು, ಪೊಲೀಸರ 112 – ನನ್ನ ಮಟ್ಟಿಗೆ ಇವೇ ಮೊದಲು. ಹೊಲದ ಕಾವಲಿಗೆಂದು ಈಗಾಗಲೇ ಬಂದೂಕು ಪಡೆದವರು ಗುಂಡುಗಳನ್ನು ಬೇರೆಡೆ ಬೀಗದಲ್ಲಿಡಲಿ.