ಹಾಯಿದೋಣಿಗೆ ಅಂಟಿದ ಸೊನೆ

ಮುಂಬಯಿಯ ಕಡಲಿನಲ್ಲಿ ಬಿಳಿಯ ಹಾಯಿ ಬಿಚ್ಚಿ ಸಾಗುವ ಪುಟ್ಟ ದೋಣಿಗಳನ್ನು ನಾವು ಕಂಡಿರುವೆವಷ್ಟೆ. ಅವುಗಳಲ್ಲಿ 15 ವರ್ಷದವರೆಗಿನ ಬಾಲಕ ಬಾಲಿಕೆಯರಿಗೆಂದೇ ಇರುವುದು ‘ಆಪ್ಟಿಮಿಸ್ಟ್’. ಅಮೆರಿಕದ ಫ್ಲಾರಿಡಾ ಪ್ರಾಂತದ ಕ್ಲಾರ್ಕ್ ಮಿಲ್ಸ್ ಎಂಬಾತನು 1947ರಲ್ಲಿ ಇದನ್ನು ರೂಪಿಸಿದನು. ಮೊದಲು ಪ್ಲೈವುಡ್ಡಿನಿಂದ ಕಟ್ಟುತ್ತಿದ್ದ, ಎಂಟಡಿಗೂ ಕಿರಿದಾದ ಈ ದೋಣಿಯನ್ನು ಈಗ ಬಹುಮಟ್ಟಿಗೆ ಫೈಬರ್‌ಗ್ಲಾಸಿನಿಂದ ಮಾಡುವರು.

ದೋಣಿಯನ್ನು ಮರದ ನೆರಳಿನಲ್ಲಿಟ್ಟರೆ ಬಿಸಿಲಿನಿಂದ ರಕ್ಷಣೆ ದೊರೆಯುವುದು ನಿಜ. ಆದರೆ ಆ ಮರವು ಪೈನ್ ಆಗಿದ್ದರೆ (ಫ್ಲಾರಿಡಾದಲ್ಲಿ ಅದು ಹೇರಳ) ಮೇಲಿನಿಂದ ಸೊನೆ ತೊಟ್ಟಿಕ್ಕುವುದು. ಈ ಸೊನೆಯಲ್ಲಿ ಟರ್ಪೆಂಟೈನ್ ಎಂಬ ತೈಲವೂ ಘನವಾದ ರಾಳವೂ ಬೆರೆತಿರುತ್ತವೆ. ತೈಲವು ಆವಿಯಾದಂತೆ ರಾಳವು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಧೂಳು ಮೆತ್ತಿ ಕಪ್ಪಾಗುತ್ತದೆ.

ಚಾಕುವಿನಿಂದ ಕೆರೆದುಬಿಡಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಕೂಡದು. ಫೈಬರ್‌ಗ್ಲಾಸ್ ಎಂದರೆ ಗಾಜಿನ ನೂಲಿನ ಹಾಸುಗಳನ್ನು ಕೃತಕ ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದ ವಸ್ತು. ಅದರ ಹೊಳಪೆಲ್ಲ ಜೆಲ್‌ಕೋಟ್ ಎಂಬ ಹೊರಪದರದ್ದು. ಆ ಪದರದ ದಪ್ಪವೋ ಸುಮಾರು ಅರ್ಧ ಮಿಲಿಮೀಟರು! ಆಳವಾದ ಗೀರು ಬಿದ್ದರೆ ಒಳಗಿನ ನಾರುಗಳಿಗೆ ನೀರು ಇಳಿಯಲು ಎಡೆಯಾಗುತ್ತದೆ.

ಹಲಸಿನ ಹಣ್ಣನ್ನು ಬಿಡಿಸುವ ಮುನ್ನ ನಮ್ಮ ತಾಯಂದಿರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದೇಕೆ? ಆ ಅಂಟು ನೀರಿಗೆ ಜಗ್ಗದು, ಎಣ್ಣೆಗೆ ಜಗ್ಗುವುದು. ಪೈನಿನ ರಾಳವೂ ನೀರಿನಲ್ಲಿ ಕರಗದು, ಆಲ್ಕೊಹಾಲಿನಲ್ಲಿ ಕರಗುವುದು. ಸೊನೆ ಹಸಿಯಾಗಿರುವಾಗ ಸಾಬೂನು ಬೆರೆತ ಬಿಸಿನೀರೇ ಸಾಕಾದೀತು. ಗಟ್ಟಿಯಾದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೊದಲು ಮರೆಯಾದ ಮೂಲೆಯೊಂದರಲ್ಲಿ ಪರೀಕ್ಷಿಸಿ ನೋಡಿ, ಬಳಿಕ ತೋಯಿಸಿದ ಬಟ್ಟೆಯನ್ನು ಕಲೆಯ ಮೇಲೆ ಒಂದೆರಡು ನಿಮಿಷ ಇರಿಸಬೇಕು. ರಾಳ ಮೆದುವಾದೊಡನೆ ಒರೆಸಬೇಕು. ಬಟ್ಟೆಯ ಶುಭ್ರಭಾಗವನ್ನು ಮತ್ತೆ ಮತ್ತೆ ತಿರುಗಿಸಿಕೊಳ್ಳದಿದ್ದರೆ ಕರಗಿದ ರಾಳವನ್ನೇ ದೋಣಿಗೆಲ್ಲ ಬಳಿದಂತಾದೀತು. ದಪ್ಪ ಗಂಟುಗಳನ್ನು ಮಂಜುಗಡ್ಡೆಯಿಂದ ತಣಿಸಿ, ಪೆಡಸಾದಾಗ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲನೆ ಎಬ್ಬಿಸಬಹುದು.

ಕೆಲವರು ಅಸಿಟೋನ್ ಬಳಸುವರು. ಅದು ಬಳಿದ ಬಣ್ಣವನ್ನು ಕಿತ್ತೀತು, ಜೆಲ್‌ಕೋಟನ್ನೂ ಮಂಕಾಗಿಸೀತು. ನಾವು ಅದನ್ನು ಮುಟ್ಟದಿರುವುದೇ ಲೇಸು. ಆಲ್ಕೊಹಾಲಿಗೂ ಬೆಂಕಿ ಬಲುಬೇಗ ಹತ್ತುವುದರಿಂದ ಹಿರಿಯರ ಸಮ್ಮುಖದಲ್ಲಿ, ಗಾಳಿಯಾಡುವೆಡೆಯಲ್ಲಿ, ಕೈಗವಸು ತೊಟ್ಟು ಈ ಕೆಲಸ ಮಾಡತಕ್ಕದ್ದು. ಸುಡುಬಿಸಿಲಂತೂ ಬೇಡ; ರಾಳ ಕರಗುವ ಮೊದಲೇ ಆಲ್ಕೊಹಾಲ್ ಆರಿಹೋಗುತ್ತದೆ.

ಕೊನೆಗೆ ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಹೊರಮೈಗೆ ಮೇಣವನ್ನುಜ್ಜಬೇಕು. ಹಳೆಯ ಮೇಣವೂ ರಾಳದೊಡನೆ ಹೋಗಿರುತ್ತದೆ. ಕಾಲಿಡುವ ಭಾಗಕ್ಕೆ ಮಾತ್ರ ಮೇಣ ಸಲ್ಲದು, ಜಾರಿ ನೀರಿಗೆ ಬೀಳುವ ಸಂಭವವುಂಟು.