ಡಾಕ್ಟರು ಮನೆ ಬಾಗಿಲಿಗೆ ಬಂದು ಪ್ರಶ್ನೆ ಕೇಳುವುದು ಯಾಕೆ?



ಈಗ ಕೆಲವು ವರ್ಷಗಳಿಂದ ನಮ್ಮ ಹಳ್ಳಿಗಳಿಗೆ ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ಬರುವುದು ಹೆಚ್ಚಾಗಿದೆ. ಕೈಯಲ್ಲಿ ಫಾರಂ, ಬಿಪಿ ನೋಡುವ ಮಿಷನ್ನು, ತೂಕದ ಯಂತ್ರ. ಮನೆಯಲ್ಲಿ ಎಷ್ಟು ಜನ, ಒಲೆ ಯಾವುದು, ನೀರು ಎಲ್ಲಿಂದ ತರ್ತೀರಿ, ಹೋದ ತಿಂಗಳು ಯಾರಿಗಾದರೂ ಜ್ವರ ಬಂದಿತ್ತಾ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಅವರು ಹೋದ ಮೇಲೆ ಸಂಘದ ಸಭೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಮಾತ್ರೆ ಕೊಡಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ, ಬರೀ ಬರಕೊಂಡು ಹೋದರು. ಇದರಿಂದ ನಮಗೇನು ಬಂತು?"

ಕೇಳಬೇಕಾದ ಪ್ರಶ್ನೆಯೇ. ಹಾಗಾಗಿ ಈ ಸಲ ಅದರ ಬಗ್ಗೆಯೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ಹಾಜರಿ ಪುಸ್ತಕದಿಂದಲೇ ಶುರು ಮಾಡೋಣ. 20 ಜನರ ಸಂಘ ಅಂತ ಇಟ್ಟುಕೊಳ್ಳಿ. ಸಭೆಗೆ 12 ಜನ ಬಂದಿದ್ದಾರೆ. "ಸಾಲದ ಕಂತು ಕಟ್ಟಲು ಯಾರಿಗಾದರೂ ಕಷ್ಟ ಇದೆಯಾ?" ಅಂತ ಪ್ರತಿನಿಧಿ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಸಂಘ ಚೆನ್ನಾಗಿದೆ ಅಂತ ಠರಾವು ಬರೆದುಬಿಡಬಹುದಾ? ಕಷ್ಟ ಇರುವವರು ಬಾರದೇ ಇರುವ ಆ 8 ಜನರಲ್ಲೇ ಇರಬಹುದು. ಅವರ ಮನೆಗೆ ಹೋಗಿ ಕೇಳದೆ ಸಂಘದ ನಿಜಸ್ಥಿತಿ ಗೊತ್ತಾಗುವುದಿಲ್ಲ.

ಡಾಕ್ಟರ ವಿಷಯದಲ್ಲೂ ಹೀಗೇ. 1961ರಲ್ಲಿ ಅಮೆರಿಕದ ಕೆರ್ ವೈಟ್ ಎಂಬ ವೈದ್ಯರು, ಜೊತೆಯ ಇಬ್ಬರೊಂದಿಗೆ, ಅಮೆರಿಕ ಮತ್ತು ಬ್ರಿಟನ್ನಿನ ಲೆಕ್ಕಗಳನ್ನು ಸೇರಿಸಿ ಒಂದು ಅಂದಾಜು ಕಟ್ಟಿದರು. 1000 ವಯಸ್ಕರಲ್ಲಿ ಒಂದು ತಿಂಗಳಿನಲ್ಲಿ 750 ಜನರಿಗೆ ಏನಾದರೊಂದು ಕಾಯಿಲೆ ಅಥವಾ ಪೆಟ್ಟು ಆಗುತ್ತದೆ. ಅದರಲ್ಲಿ ಡಾಕ್ಟರ ಹತ್ತಿರ ಹೋಗುವವರು 250. ಆಸ್ಪತ್ರೆಗೆ ಸೇರುವವರು 9. ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಯವರೆಗೆ ಹೋಗುವವರು ಬರೀ ಒಬ್ಬರು. ಇದು ಆ ದೇಶಗಳ ಲೆಕ್ಕ, ಆ ಕಾಲದ್ದು. ಆದರೆ ಅದರಿಂದ ಏಳುವ ಪ್ರಶ್ನೆ ಎಲ್ಲಾ ದೇಶಕ್ಕೂ ಸೇರಿದ್ದು. ಡಾಕ್ಟರಾಗುವವರು ಕಲಿಯುವುದು ಹೆಚ್ಚಾಗಿ ಆ ಒಬ್ಬರನ್ನು ನೋಡಿ. ಸಂಶೋಧನೆ, ಅಂದರೆ ಕಾಯಿಲೆಯ ಬಗ್ಗೆ ಹೊಸದಾಗಿ ಕಂಡುಹಿಡಿಯುವ ಕೆಲಸ, ಅದೂ ಹೆಚ್ಚಾಗಿ ದೊಡ್ಡ ಆಸ್ಪತ್ರೆಯ ಮಂಚದ ಮೇಲಿನವರ ಮೇಲೆಯೇ ನಡೆಯುತ್ತದೆ. ಮನೆಯಲ್ಲೇ ನರಳುತ್ತಾ ಕೂತವರನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಊರಿನ ಡಾಕ್ಟರೇ ತೆಗೆದುಕೊಳ್ಳಬೇಕು ಅಂತ ತೋರಿಸಿಕೊಟ್ಟವರು ಜೂಲಿಯನ್ ಟ್ಯೂಡರ್ ಹಾರ್ಟ್. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಗ್ಲಿನ್‌ಕೊರೂಗ್ ಎಂಬ ಕಲ್ಲಿದ್ದಲು ಗಣಿಯ ಬಡ ಹಳ್ಳಿ, ಜನ ಸುಮಾರು 2000. ಅಲ್ಲಿ ಅವರು ಸಾಮಾನ್ಯ ಡಾಕ್ಟರಾಗಿದ್ದರು. 1968ರಲ್ಲಿ ಊರಿನ ವಯಸ್ಕರೆಲ್ಲರ ಬಿಪಿ ನೋಡಲು ಹೊರಟರು. ಕ್ಲಿನಿಕ್ಕಿಗೆ ಬಂದವರದ್ದು ಮಾತ್ರ ಅಲ್ಲ, ಬಾರದವರದ್ದೂ. ಬಿಪಿ ಏರಿದ್ದರೂ ಏನೂ ಗೊತ್ತಾಗದೆ ಓಡಾಡಿಕೊಂಡಿದ್ದವರು ಹೀಗೆ ಸಿಕ್ಕಿದರು. ಅವರನ್ನು ವರ್ಷಗಟ್ಟಲೆ ಬಿಡದೆ ನೋಡಿಕೊಂಡರು, ಬರೆದಿಟ್ಟರು. 25 ವರ್ಷದ ಲೆಕ್ಕವನ್ನು 1991ರಲ್ಲಿ ಪ್ರಕಟಿಸಿದಾಗ, 65 ವರ್ಷದೊಳಗೆ ಸಾಯುವವರ ಪ್ರಮಾಣ ಪಕ್ಕದ ಅಂಥದ್ದೇ ಹಳ್ಳಿಗಿಂತ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಾಗಿತ್ತು. ದೊಡ್ಡ ಯಂತ್ರ ಇರಲಿಲ್ಲ. ಪುಸ್ತಕ, ಪೆನ್ನು, ಬಿಪಿ ಪಟ್ಟಿ, ಮತ್ತೆ ಹಟ. ವೈದ್ಯಸೇವೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಬರೆದವರೂ ಇವರೇ. ನಮ್ಮ ಊರಿನ ಯಾವ ಹೆಂಗಸಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಡ್‌ಚಿರೋಲಿಯ ಹೆಂಗಸರು ಹೇಳಿದ್ದು

ದೂರದ ಮಾತು ಯಾಕೆ, ನಮ್ಮ ಪಕ್ಕದ ಮಹಾರಾಷ್ಟ್ರಕ್ಕೆ ಬನ್ನಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಗಂಡ ಹೆಂಡತಿ, ಇಬ್ಬರೂ ಡಾಕ್ಟರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಸಂಶೋಧನೆಯ ಕ್ರಮ ಕಲಿತರು. ಕಲಿತವರು ಅಲ್ಲೇ ನಿಲ್ಲಲಿಲ್ಲ. 1986ರಲ್ಲಿ ಗಡ್‌ಚಿರೋಲಿ ಎಂಬ ಹಿಂದುಳಿದ ಕಾಡು ಜಿಲ್ಲೆಗೆ ಬಂದು 'ಸರ್ಚ್' ಎಂಬ ಸಂಸ್ಥೆ ಕಟ್ಟಿದರು.

ಬಿಳಿಸೆರಗು, ಕಿಬ್ಬೊಟ್ಟೆ ನೋವು, ಮುಟ್ಟಿನ ತೊಂದರೆ, ಇವನ್ನೆಲ್ಲಾ ನಮ್ಮ ಹೆಂಗಸರು ಯಾರ ಹತ್ತಿರವೂ ಹೇಳುವುದಿಲ್ಲ. ಹೇಳದ್ದರಿಂದ ಆಸ್ಪತ್ರೆಯ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಆ ದಂಪತಿಗಳು ಎರಡು ಹಳ್ಳಿಯ 650 ಹೆಂಗಸರನ್ನು, ತೊಂದರೆ ಇದೆ ಎಂದವರು ಇಲ್ಲ ಎಂದವರು ಎನ್ನದೆ, ಪರೀಕ್ಷೆ ಮಾಡಿದರು. ನೂರಕ್ಕೆ 92 ಜನರಲ್ಲಿ ಒಂದಾದರೂ ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಜನ ಮಾತ್ರ. 1989ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಅಲ್ಲಿಯವರೆಗೆ ಹಳ್ಳಿ ಹೆಂಗಸಿನ ಆರೋಗ್ಯ ಅಂದರೆ ಬಸಿರು, ಬಾಣಂತನ, ಆಪರೇಷನ್ ಅಷ್ಟೇ ಅಂದುಕೊಂಡಿದ್ದವರು ಬೇರೆ ರೀತಿ ಯೋಚಿಸಬೇಕಾಯಿತು.

ಆಮೇಲೆ ಹಸುಗೂಸುಗಳ ಸಾವಿನ ವಿಷಯ ಹಿಡಿದರು. 39 ಹಳ್ಳಿಗಳಲ್ಲಿ ಊರಿನದ್ದೇ ಹೆಂಗಸರಿಗೆ ತರಬೇತಿ ಕೊಟ್ಟರು: ಹುಟ್ಟಿದ ಮಗುವನ್ನು ಬೆಚ್ಚಗಿಡುವುದು, ತೂಕ ನೋಡುವುದು, ಉಸಿರಾಡದ ಮಗುವಿಗೆ ಉಸಿರು ಕೊಡುವುದು, ನಂಜಿನ ಲಕ್ಷಣ ಗುರುತಿಸಿ ಔಷಧಿ ಕೊಡುವುದು. ಈ ಕೆಲಸ ನಡೆಯದ 47 ಹಳ್ಳಿಗಳ ಲೆಕ್ಕವನ್ನೂ ಜೊತೆಯಲ್ಲೇ ಇಟ್ಟರು. ಯಾಕೆ ಅಂದರೆ, ಸಾವು ಕಡಿಮೆಯಾದರೆ ಅದು ತರಬೇತಿಯಿಂದಲೋ ಅಥವಾ ಆ ವರ್ಷ ಮಳೆ ಬೆಳೆ ಚೆನ್ನಾಗಿದ್ದರಿಂದಲೋ ಅಂತ ಹೇಳಬೇಕಲ್ಲ? ಮೂರನೇ ವರ್ಷಕ್ಕೆ, ಆ 47 ಹಳ್ಳಿಗಳಿಗೆ ಹೋಲಿಸಿದರೆ ಒಂದು ತಿಂಗಳೊಳಗಿನ ಮಕ್ಕಳ ಸಾವು ನೂರಕ್ಕೆ 62ರಷ್ಟು ಇಳಿದಿತ್ತು. ಇದು 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಈ ದಾರಿಯನ್ನೇ ಹಿಡಿದು ಆಶಾ ಕಾರ್ಯಕರ್ತೆಯರಿಗೆ ಕೆಲಸ ಕೊಟ್ಟಿತು. ಇವತ್ತು ನಿಮ್ಮೂರಿನ ಆಶಾ ಅಕ್ಕ ಬಾಣಂತಿ ಮನೆಗೆ 42 ದಿನದೊಳಗೆ ಆರೇಳು ಸಲ ಬಂದು ಕೂಸನ್ನು ತೂಗಿ ನೋಡುತ್ತಾರಲ್ಲ, ಅದರ ಮೂಲ ಅಲ್ಲಿದೆ. "ಬರೀ ಬರಕೊಂಡು ಹೋದರು" ಎಂಬುದರಿಂದ ಏನು ಬಂತು ಅಂದರೆ ಇದು ಬಂತು.

ಆದರೆ ಎಲ್ಲಾ ಬರವಣಿಗೆಯೂ ಹೀಗೆ ಫಲ ಕೊಡುವುದಿಲ್ಲ. ತಪ್ಪಾಗಿ ಕೇಳಿದರೆ ತಪ್ಪು ಉತ್ತರ ಬರುತ್ತದೆ. ಅದಕ್ಕೇ ತರಬೇತಿ ಬೇಕು.

ಅವರಿಗೆ ಏನು ಕಲಿಸುತ್ತಾರೆ?

"ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೀತೀರಲ್ಲಮ್ಮಾ?" ಅಂತ ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಕಲಿತವರು "ಕೈ ತೊಳೆಯುವ ಜಾಗ ಸ್ವಲ್ಪ ತೋರಿಸ್ತೀರಾ?" ಅನ್ನುತ್ತಾರೆ. ಅತ್ತೆಯ ಎದುರು ಸೊಸೆಯನ್ನು ಮುಟ್ಟಿನ ಬಗ್ಗೆ ಕೇಳಬಾರದು. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಆಗಷ್ಟೇ ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಕಾಯಬೇಕು. ಒಂದು ಸಲ ಅಲ್ಲ, ಎರಡು ಸಲ ನೋಡಬೇಕು. ಬಾಗಿಲಿಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬಿಸಿಕೊಳ್ಳಬಾರದು, ಮತ್ತೆ ಬರಬೇಕು. ಇದು ಬಹಳ ಮುಖ್ಯ. ಬೆಳಿಗ್ಗೆ ಎಂಟಕ್ಕೇ ಬೀಗ ಬೀಳುವುದು ಕೂಲಿಗೆ ಹೋಗುವವರ ಮನೆಗೆ ತಾನೇ? ಆ ಮನೆ ಬಿಟ್ಟರೆ ಊರಿನ ಬಡವರೇ ಲೆಕ್ಕದಿಂದ ಬಿಟ್ಟುಹೋದ ಹಾಗೆ.

ನಮ್ಮ ದೇಶದಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಎಂಬಿಬಿಎಸ್ ಓದುವವರಿಗೆ ಎರಡು ತಿಂಗಳ ಸಣ್ಣ ಸಂಶೋಧನೆಯ ಅವಕಾಶವನ್ನು 1979ರಲ್ಲೇ ಶುರು ಮಾಡಿತು. ಎಂಡಿ ಮಾಡುವವರು ಸಂಶೋಧನಾ ಪ್ರಬಂಧ ಬರೆಯಬೇಕು. 2022ರಿಂದ ಕುಟುಂಬ ದತ್ತು ಕಾರ್ಯಕ್ರಮ ಬಂದಿದೆ: ಎಂಬಿಬಿಎಸ್ ವಿದ್ಯಾರ್ಥಿಗೆ ಮೊದಲ ವರ್ಷದಿಂದಲೇ ಮೂರರಿಂದ ಐದು ಮನೆಗಳನ್ನು ವಹಿಸುತ್ತಾರೆ, ಅವೇ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕು. ನಿಮ್ಮ ಮನೆಗೆ ಬಂದ ಹುಡುಗಿ ಹೆಚ್ಚಾಗಿ ಇದರವಳೇ. ಒಳ್ಳೆಯ ಏರ್ಪಾಡು. ಆದರೆ ಬಸ್ಸಿನಲ್ಲಿ ಐವತ್ತು ಜನ ಬಂದು, ಫಾರಂ ತುಂಬಿಸಿ, ಊಟದ ಹೊತ್ತಿಗೆ ವಾಪಸ್ಸು ಹೋದರೆ ಅದರಿಂದ ಕಲಿಯುವುದು ಕಡಿಮೆ ಅಂತ ನಮ್ಮ ಅಭಿಪ್ರಾಯ. ನೀವು "ಹೋದ ಸಲ ನಮ್ಮತ್ತೆಗೆ ಶುಗರ್ ಇದೆ ಅಂದಿದ್ದೆ, ಬರಕೊಂಡಿದ್ದೀಯಾ ಮಗಾ?" ಅಂತ ಕೇಳಿ. ನಿಜವಾದ ಪಾಠ ಅಲ್ಲಿ ಆಗುತ್ತದೆ.

ಹೆಬ್ಬೆಟ್ಟು ಒತ್ತುವ ಮೊದಲು

ಬಂದವರು ಕಲಿಯಲು ಬಂದವರಾ, ಸಂಶೋಧನೆಗೆ ಬಂದವರಾ ಅಂತ ಮೊದಲು ಕೇಳಿ. ಸಂಶೋಧನೆ ಅಂದರೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದಿದು: ಏನು ಮಾಡುತ್ತೇವೆ, ಯಾಕೆ, ಇದರಿಂದ ತೊಂದರೆ ಏನಾಗಬಹುದು ಎಂಬುದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದು ಬಾರದವರಿಗೆ ಓದಿ ಹೇಳಬೇಕು, ಆಗ ಅವರ ಕಡೆಯವರಲ್ಲದ ಒಬ್ಬ ಸಾಕ್ಷಿ ಜೊತೆಗಿರಬೇಕು. ಸಂಘದ ಒಬ್ಬ ಅಕ್ಕ ಪಕ್ಕದಲ್ಲಿ ಕೂತರೆ ಧೈರ್ಯ. ಬೇಡ ಅನ್ನಬಹುದು. ಒಪ್ಪಿದ ಮೇಲೂ ಮಧ್ಯದಲ್ಲಿ ಬಿಡಬಹುದು. ಹಾಗೆ ಬಿಟ್ಟಿದ್ದಕ್ಕೆ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆ ತಪ್ಪಿಸುವ ಹಾಗಿಲ್ಲ. ನಿಮ್ಮ ಹೆಸರು, ಕಾಯಿಲೆ ಹೊರಗೆ ಹೋಗಬಾರದು.

ರಕ್ತ ತೆಗೆದುಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ ಎಂಬ ದೂರು ನಮಗೂ ಬಂದಿದೆ. ದೂರು ನ್ಯಾಯವಾದದ್ದೇ. ರಿಪೋರ್ಟು ಯಾವಾಗ ಸಿಗುತ್ತದೆ, ಊರಿಗೆಲ್ಲಾ ಸೇರಿ ಏನು ಕಂಡುಬಂತು ಅಂತ ಯಾರು ಬಂದು ಹೇಳುತ್ತಾರೆ ಎಂಬುದನ್ನು ರಕ್ತ ಕೊಡುವ ಮೊದಲೇ ಕೇಳಿ. ಕಂಡುಕೊಂಡದ್ದನ್ನು ಸಂಘದ ಸಭೆಗೇ ಬಂದು ಹೇಳಿ ಅಂತ ಕರೆಯಬಹುದು. ಕಲಿತ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರತಿ ಸಂಶೋಧನೆಗೂ ನೈತಿಕ ಸಮಿತಿ ಎಂಬುದೊಂದರ ಒಪ್ಪಿಗೆ ಇರಬೇಕು. ಆ ಸಮಿತಿಯಲ್ಲಿ ಡಾಕ್ಟರೂ ಅಲ್ಲದ, ವಿಜ್ಞಾನಿಯೂ ಅಲ್ಲದ ಸಾಮಾನ್ಯ ವ್ಯಕ್ತಿಯೂ ಇರಬೇಕೆಂಬ ನಿಯಮ ಇದೆ. ಜನರ ಕಡೆಯಿಂದ ನೋಡುವುದು ಅವರ ಕೆಲಸ. ನಿಮಗೆ ಕೊಡುವ ಮಾಹಿತಿ ಹಾಳೆಯಲ್ಲಿ ಸಂಶೋಧಕರನ್ನೂ ಸಮಿತಿಯನ್ನೂ ಸಂಪರ್ಕಿಸುವ ವಿವರ ಇರಬೇಕು. ಅದರ ಒಂದು ಪ್ರತಿಯನ್ನು ಕೇಳಿ ಪಡೆದು, ಸಂಘದ ಠರಾವು ಪುಸ್ತಕದ ಜೊತೆಯಲ್ಲೇ ಇಟ್ಟುಕೊಳ್ಳಿ.