ಇಬ್ಬರು ಮಾರಯ್ಯಗಳು: ಅಲ್ಪಾದಾಯದ ಕಾಯಕವೂ ಅಂತಸ್ತಿನ ಪೂರ್ವಗ್ರಹವೂ

ಹೆಚ್ಚಿನ ಆದಾಯವು ಕೈಗೆಟುಕುವಂತಿದ್ದರೂ ಅದನ್ನೊಲ್ಲದೆ ಅಲ್ಪಾದಾಯದ ವೃತ್ತಿಯಲ್ಲಿ ನಿಂತವನನ್ನು ಲೋಕವು ಎರಡು ಬಗೆಯಾಗಿ ಕಾಣುವುದುಂಟು. ಅವನು ಮೇಲಿನ ಅಂತಸ್ತಿನಿಂದ ಇಳಿದು ಬಂದವನಾದರೆ ಆ ನಡತೆಗೆ ತ್ಯಾಗವೆಂಬ ಹೆಸರು ಸಲ್ಲುತ್ತದೆ. ಹುಟ್ಟಿನಿಂದಲೂ ಬಡವನಾಗಿದ್ದು, ತಾನಾಗಿ ಬಂದ ಹೆಚ್ಚಳವನ್ನು ಬೇಡವೆಂದವನಾದರೆ ಅದೇ ನಡತೆಯು ಅವಿವೇಕವೆನಿಸಿಕೊಳ್ಳುತ್ತದೆ. ಉಳ್ಳವನೇ ಬಿಡಬಲ್ಲನು, ಇಲ್ಲದವನಿಗೆ ಬಿಡುವುದೇನಿದೆ ಎಂಬ ಭಾವನೆಯೇ ಈ ಭೇದಕ್ಕೆ ಮೂಲ. ಈ ಭಾವನೆಯನ್ನು ಒರೆಗೆ ಹಚ್ಚುವುದಕ್ಕೆ ತಕ್ಕ ಸಾಮಗ್ರಿಯು ಶಿವಶರಣರ ವಾಙ್ಮಯದಲ್ಲಿ ದೊರೆಯುತ್ತದೆ. ಒಂದೇ ಹೆಸರಿನ ಇಬ್ಬರು ಶರಣರು, ಮೋಳಿಗೆಯ ಮಾರಯ್ಯ ಮತ್ತು ಆಯ್ದಕ್ಕಿ ಮಾರಯ್ಯ, ಈ ಪ್ರಶ್ನೆಯ ಎರಡು ತುದಿಗಳಲ್ಲಿ ನಿಂತಿರುವರು.

ಇಬ್ಬರೂ ೧೨ನೆಯ ಶತಮಾನದಲ್ಲಿ ಬಸವಣ್ಣನವರ ಸಮಕಾಲೀನರು. ಮೊದಲನೆಯವನ ವಚನಗಳ ಅಂಕಿತವು ನಿಃಕಳಂಕ ಮಲ್ಲಿಕಾರ್ಜುನ, ಎರಡನೆಯವನದು ಅಮರೇಶ್ವರಲಿಂಗ. ಆದರೆ ಬಿಡಿಯಾದ ವಚನಗಳನ್ನು ಪ್ರಸಂಗಗಳಲ್ಲಿ ಹೆಣೆದು ಸಂವಾದರೂಪವಾಗಿ ನಿಲ್ಲಿಸಿದುದು ಶೂನ್ಯಸಂಪಾದನೆ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಈ ಗ್ರಂಥವನ್ನು ಆಮೇಲೆ ಬೇರೆ ಮೂವರು ಪರಿಷ್ಕರಿಸಿದರು. ಆದುದರಿಂದ ವಚನದ ಮಾತು ಬೇರೆ, ಅದರ ಸುತ್ತಲಿನ ಕಥೆ ಬೇರೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ವಿಚಾರವನ್ನು ನಡೆಸಬೇಕಾಗುತ್ತದೆ.

ಮೋಳಿಗೆಯ ಮಾರಯ್ಯನ ಕಥೆ ಪ್ರಸಿದ್ಧವಾದುದು. ಪರಂಪರೆಯ ಪ್ರಕಾರ ಅವನು ಕಾಶ್ಮೀರದ ಅರಸು. ಶರಣರ ಕೀರ್ತಿಯನ್ನು ಕೇಳಿ, ರಾಜ್ಯವನ್ನು ತೊರೆದು, ಪತ್ನಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತು ತಂದು ಮಾರಿ ಜಂಗಮದಾಸೋಹವನ್ನು ನಡೆಸಿದನು. ಬಸವಣ್ಣನವರು ಗುಟ್ಟಾಗಿ ಅವನ ಮನೆಯಲ್ಲಿರಿಸಿ ಹೋದ ಹೊನ್ನನ್ನು ತನಗೆಂದು ಇಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟುಬಿಟ್ಟನೆಂದೂ ಹೇಳುವರು. ಈ ಚರಿತ್ರವನ್ನು ಓದುವವನು ಪ್ರತಿಯೊಂದು ಸೌದೆಯ ಹೊರೆಯನ್ನೂ ಸಿಂಹಾಸನದೊಡನೆ ತೂಗುತ್ತಾನೆ. ಬಿಟ್ಟು ಬಂದುದು ಹಿರಿದಾದಷ್ಟೂ ಹಿಡಿದ ಕಾಯಕವು ಹಿರಿದಾಗಿ ತೋರುತ್ತದೆ.

ಆಯ್ದಕ್ಕಿ ಮಾರಯ್ಯನಿಗೆ ಇಂಥ ಪೂರ್ವಕಥೆಯಿಲ್ಲ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಅವನ ಕಾಯಕ. ಹೆಸರೂ ಅದರಿಂದಲೇ ಬಂದುದು. ಒಂದು ದಿನ ಅವನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತಿರಲು, ಪತ್ನಿಯಾದ ಲಕ್ಕಮ್ಮನು ಕಾಯಕವು ನಿಂತಿತೆಂದು ಎಚ್ಚರಿಸಿದಳು. ಅವನು ಅವಸರದಿಂದ ಬಸವಣ್ಣನವರ ಅಂಗಳಕ್ಕೆ ಹೋಗಿ, ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವ ಪರಂಪರೆಯೂ ಉಂಟು. ಲಕ್ಕಮ್ಮನು ಅದನ್ನು ಕಂಡು, ನಿತ್ಯದ ಅಳತೆಗೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದಳು. ಮಾರಯ್ಯನು ಹಾಗೆಯೇ ಮಾಡಿದನು.

ಈ ಸಂದರ್ಭದ ಲಕ್ಕಮ್ಮನ ವಚನದಲ್ಲಿ ಒಂದು ಸೂಕ್ಷ್ಮವುಂಟು. ಆಸೆಯೆಂಬುದು ಅರಸರಿಗೆ ಸಲ್ಲತಕ್ಕುದೇ ಹೊರತು ಶಿವಭಕ್ತರಿಗಲ್ಲವೆಂಬುದು ಅವಳ ಮಾತಿನ ತಾತ್ಪರ್ಯ. ಬಡವನು ಆಸೆಪಡುವುದು ಸಹಜ, ಧನಿಕನು ತೃಪ್ತನಾಗಿರಬಲ್ಲನು ಎಂಬ ಲೋಕದ ಎಣಿಕೆಯನ್ನು ಅವಳು ತಲೆಕೆಳಗು ಮಾಡಿದ್ದಾಳೆ. ಅವಳ ದೃಷ್ಟಿಯಲ್ಲಿ ಆಸೆಯು ಕೊರತೆಯ ಫಲವಲ್ಲ, ಅಧಿಕಾರದ ಲಕ್ಷಣ. ಮತ್ತೊಂದು ವಚನದಲ್ಲಿ ಅವಳು ದ್ರವ್ಯದ ಬಡತನವನ್ನು ಮನಸ್ಸಿನ ಶುದ್ಧಿಯೊಡನೆ ಜೋಡಿಸಿ, ಶುದ್ಧಚಿತ್ತದಿಂದ ಕಾಯಕ ಮಾಡುವವನಿಗೆ ಬಡತನವೇ ಇಲ್ಲವೆಂಬ ಅಭಿಪ್ರಾಯವನ್ನು ಕೊಡುತ್ತಾಳೆ. ಅರ್ಥಾತ್, ಆಯ್ದಕ್ಕಿ ದಂಪತಿಗಳು ತಮ್ಮನ್ನು ಇಲ್ಲದವರೆಂದು ಎಣಿಸಿಕೊಂಡಿರಲಿಲ್ಲ. ನಾಳೆಯ ಅಡಿಗೆಯ ಹೊಣೆಯನ್ನು ಹೊತ್ತವಳೇ ಹೆಚ್ಚಿನ ಅಕ್ಕಿಯನ್ನು ಬೇಡವೆಂದಳೆಂಬುದು ಈ ಮಾತಿಗೆ ತೂಕವನ್ನು ಕೊಡುತ್ತದೆ.

ಇದರಿಂದ ಎರಡು ಅಳತೆಗೋಲುಗಳು ಕಾಣಬರುತ್ತವೆ. ಮೋಳಿಗೆಯ ಮಾರಯ್ಯನ ಕಥೆಯನ್ನು ಲೋಕವು ಬಿಟ್ಟುದರಿಂದ ಅಳೆಯುತ್ತದೆ. ಆಯ್ದಕ್ಕಿಯ ಮನೆಯಲ್ಲಿ ಅಳತೆಯು ಬೇಕಾದಷ್ಟರಿಂದ ನಡೆಯುತ್ತದೆ. ಮೊದಲನೆಯ ಅಳತೆಯಲ್ಲಿ ಅರಸನಲ್ಲದವನಿಗೆ ಸ್ಥಾನವಿಲ್ಲ; ಎರಡನೆಯದರಲ್ಲಿ ಅರಸನಿಗೂ ಅಕ್ಕಿ ಆಯುವವನಿಗೂ ಒಂದೇ ಸ್ಥಾನ. ಸಂಪಾದನಕಾರರೂ ಮೊದಲನೆಯ ಅಳತೆಯಲ್ಲಿ ತೃಪ್ತರಾಗಲಿಲ್ಲವೆಂದು ತೋರುತ್ತದೆ. ಬೇರೊಂದು ಕೈಲಾಸವನ್ನು ಬಯಸಿದ ಮೋಳಿಗೆಯ ಮಾರಯ್ಯನನ್ನು ಅಲ್ಲಿ ಅವನ ಪತ್ನಿ ಮಹಾದೇವಿಯು ತಿದ್ದುತ್ತಾಳೆ: ರಾಜ್ಯವನ್ನು ಬಿಟ್ಟವನಿಗೂ ಬಿಡಬೇಕಾದ ಆಸೆಯೊಂದು ಉಳಿದಿತ್ತು.

ಕಾಯಕವನ್ನೇ ಕೈಲಾಸವೆಂದೆಣಿಸುವ ಮಾತು ಜನರ ಬಾಯಲ್ಲಿ ಬಸವಣ್ಣನವರದಾಗಿ ನಡೆದುಬಂದಿದ್ದರೂ, ಅದು ಕಂಡುಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದವನು ಗುರುಲಿಂಗಜಂಗಮರನ್ನು ಸಹ ಮರೆಯಬೇಕೆಂಬುದು ಅಲ್ಲಿನ ಅಭಿಪ್ರಾಯ. ಮಂತ್ರಿಯ ಹೆಸರಿಗೆ ಈ ಮಾತು ಸುಲಭವಾಗಿ ಅಂಟಿಕೊಂಡು, ಅಕ್ಕಿ ಆಯ್ದವನ ಹೆಸರು ಮರೆಯಾದುದು ಮೇಲೆ ಹೇಳಿದ ಪೂರ್ವಗ್ರಹಕ್ಕೆ ಮತ್ತೊಂದು ನಿದರ್ಶನವೆನ್ನಬಹುದು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಬಡವನು ಹೆಚ್ಚನ್ನು ಬಯಸಬಾರದೆಂಬ ಬೋಧೆಯು ಧನಿಕರಿಗೆ ಅನುಕೂಲವಾದುದಲ್ಲವೆ? ಆಕ್ಷೇಪವು ಗಟ್ಟಿಯಾದುದೇ, ಆದರೆ ಮಾತನ್ನು ಯಾರು ಯಾರಿಗೆ ಆಡಿದರೆಂಬುದನ್ನು ನೋಡಬೇಕು. ಲಕ್ಕಮ್ಮನು ಆಡಿದುದು ತನ್ನ ಮನೆಯ ವಿಷಯವನ್ನು, ತನ್ನ ಪತಿಗೆ. ಕೊಡತಕ್ಕವನು ಪಡೆಯತಕ್ಕವನಿಗೆ ಆಡಿದ ಮಾತು ಅದಲ್ಲ. ಕೂಲಿಯನ್ನು ಕಡಿಮೆ ಮಾಡುವ ಧಣಿಯು ಅದೇ ವಚನವನ್ನು ಉದಾಹರಿಸಿದರೆ ಅಕ್ಷರಗಳು ಅವೇ ಆಗಿದ್ದರೂ ಅರ್ಥವು ವಿಪರೀತವಾಗುತ್ತದೆ. ಅಲ್ಲದೆ ಹೆಚ್ಚಿನ ಅಕ್ಕಿಯು ಬಿಜ್ಜಳನ ಭಂಡಾರಿಯ ಅಂಗಳದ್ದು. ಅದು ಮನೆಗೆ ಬಂದಿದ್ದರೆ ಆಯ್ದಕ್ಕಿ ದಂಪತಿಗಳು ಕಾಯಕಜೀವಿಗಳಾಗಿ ಉಳಿಯದೆ ಆಶ್ರಿತರಾಗುತ್ತಿದ್ದರು. ಹಿಂದಕ್ಕೆ ಸುರಿದುದರಿಂದ ಅವರು ಬಸವಣ್ಣನವರಿಗೆ ಸಮಾನರಾಗಿಯೇ ನಿಂತರು. ನುಲಿಯ ಚಂದಯ್ಯನು ತಾನು ಹೊಸೆದ ಹಗ್ಗಕ್ಕೆ ಅದರ ಬೆಲೆಗೆ ಮೀರಿ ಬಂದ ಹಣವನ್ನು ಒಪ್ಪದ ಕಥೆಯಲ್ಲಿಯೂ ಇದೇ ನಿಲುವು ವ್ಯಕ್ತವಾಗುತ್ತದೆ. ಬೆಲೆಯು ಕಾಯಕಕ್ಕೆ ಸಲ್ಲುವುದು. ಮೀರಿದುದು ಕೊಡುವವನ ಹಿರಿಮೆಗೆ ಸಲ್ಲುವುದು.

ಆದುದರಿಂದ ಈ ಪ್ರಸಂಗಗಳನ್ನು ತರಗತಿಯಲ್ಲಿ ಬೋಧಿಸುವಾಗ ಅಲ್ಪತೃಪ್ತಿಯ ನೀತಿಪಾಠವೆಂದಷ್ಟೇ ಹೇಳಿ ಮುಗಿಸುವುದು ಸಾಲದು. ಹಿರಿಯ ಸಂಬಳವನ್ನು ತೊರೆದು ಹಳ್ಳಿಯ ಶಾಲೆಗೆ ಬಂದ ಪದವೀಧರನನ್ನು ಹೊಗಳುವ ಬಾಯಿಯೇ, ಕಚೇರಿಯ ಕೆಲಸವನ್ನೊಲ್ಲದೆ ಮಗ್ಗದಲ್ಲಿ ಕುಳಿತ ನೇಕಾರನ ಮಗನನ್ನು ಹಳಿಯುವುದುಂಟು. ಇಬ್ಬರೂ ಮಾಡಿದುದು ಒಂದೇ ಕೆಲಸ. ಭೇದವಿರುವುದು ನೋಡುವವರ ಅಳತೆಯಲ್ಲಿ. ಸಾಕೆನ್ನುವ ಹಕ್ಕು ಉಳ್ಳವನ ಸೊತ್ತಲ್ಲವೆಂಬುದನ್ನು, ಆ ಹಕ್ಕನ್ನು ಬಡವನ ಪರವಾಗಿ ಬೇರೊಬ್ಬನು ಚಲಾಯಿಸಲಾಗದೆಂಬುದನ್ನು, ಆಯ್ದಕ್ಕಿಯ ಮನೆಯ ಆ ಒಂದು ದಿನದ ಸಂಗತಿಯು ಒಟ್ಟಿಗೆ ತಿಳಿಸುತ್ತದೆ.